ಕುರುಬನ ಕೀರ್ತನೆ

ರಾಣೇಬೆನ್ನೂರಿನ ಹೊರವಲಯದಲ್ಲಿ, ಕೃಷ್ಣಮೃಗಗಳ ಅಭಯಾರಣ್ಯದ ಅಂಚಿಗೆ ಬಾಡಿಗೆಯ ಮೋಟಾರು ಬಂದು ನಿಂತಾಗ ಮೂಡಣದಲ್ಲಿ ಇನ್ನೂ ಕೆಂಪಡರಿರಲಿಲ್ಲ. ಹಿಂದಿನ ಆಸನದಲ್ಲಿ ಒಬ್ಬರ ಮೇಲೊಬ್ಬರು ಒರಗಿ ಮಲಗಿದ್ದ ಮಕ್ಕಳಿಬ್ಬರನ್ನು ತಾಯಿ ಎಬ್ಬಿಸಿ ಇಳಿಸಿದಳು. ಮಾಘ ಕಳೆದಿದ್ದರೂ ಮುಂಜಾನೆಯ ಚಳಿ ಬಿಟ್ಟಿರಲಿಲ್ಲ. ಒಂದೆಡೆ ಸಾಲುಸಾಲಾಗಿ ನೆಟ್ಟ ನೀಲಗಿರಿ ಮರಗಳು. ಇನ್ನೊಂದೆಡೆ ಒಣಗಿ ಹೊಂಬಣ್ಣಕ್ಕೆ ತಿರುಗಿದ ಹುಲ್ಲಿನ ಬಯಲು. 119 ಚದರ ಕಿಲೋಮೀಟರುಗಳ ಈ ನೆಲವನ್ನು 1974ರಲ್ಲಿ ಅಭಯಾರಣ್ಯವೆಂದು ಸಾರಲಾಯಿತು.

"ಅಲ್ಲಿ ನೋಡ್ರಿ, ಚಿಗರಿ," ಎಂದು ಚಾಲಕ ಮೆಲುದನಿಯಲ್ಲಿ ಹೇಳಿದ.

ಪುಸ್ತಕದ ಕೃಷ್ಣಮೃಗಕ್ಕೆ ಈ ಸೀಮೆಯ ಜನ ಇಟ್ಟುಕೊಂಡ ಮುದ್ದಿನ ಹೆಸರು ಚಿಗರಿ. ಹುಲ್ಲಿನ ಬಣ್ಣದ ಹೆಣ್ಣು ಚಿಗರಿಗಳು ಏಳೆಂಟು. ಅವುಗಳ ನಡುವೆ ಬೆನ್ನು ಕಪ್ಪು, ಹೊಟ್ಟೆ ಬಿಳುಪಿನ ಒಂದೇ ಒಂದು ಗಂಡು. ಅದರ ಕೊಂಬುಗಳು ಯಾರೋ ಹುರಿ ಹೊಸೆದು ನಿಲ್ಲಿಸಿದಂತೆ ಸುರುಳಿಸುರುಳಿಯಾಗಿ ಮೇಲೆದ್ದಿದ್ದವು. ಹಿಂಡು ಒಂದು ಗಳಿಗೆ ತಲೆಯೆತ್ತಿ ನೋಡಿತು. ಮರುಗಳಿಗೆಯಲ್ಲಿ, ನೆಲಕ್ಕೆ ಕಾಲೇ ಸೋಕದೆಂಬಂತೆ ನೆಗೆನೆಗೆದು ಬಯಲಿನ ಆಚೆ ಕರಗಿ ಹೋಯಿತು.

ಹತ್ತು ವರ್ಷದ ಹುಡುಗನಿಗೆ ಒಂದು ಸಂದೇಹ ಹುಟ್ಟಿತು. ಅವನ ಭಾನುವಾರದ ಶಾಲೆಯ ಗೋಡೆಯಲ್ಲಿ ಒಂದು ಚಿತ್ರ ತೂಗುಹಾಕಿದ್ದರು. ನಲವತ್ತೆರಡನೆಯ ಕೀರ್ತನೆಯಲ್ಲಿ, ದೇವರಿಗಾಗಿ ಹಂಬಲಿಸುವ ಮನಸ್ಸನ್ನು ನೀರಿಗಾಗಿ ಬಾಯಾರಿದ ಜಿಂಕೆಗೆ ಹೋಲಿಸಿದೆಯಲ್ಲ, ಅದರ ಚಿತ್ರ. ಆದರೆ ಅಲ್ಲಿದ್ದದ್ದು ಮರದ ಕೊಂಬೆಯಂತೆ ಕವಲೊಡೆದ ಕೊಂಬಿನ, ಯಾವುದೋ ತಣ್ಣನೆಯ ನಾಡಿನ ಜಿಂಕೆ.

"ಅಜ್ಜಾ, ಕೀರ್ತನಿಯೊಳಗ ಬರೂ ಜಿಂಕಿ ಇದೇನು?"

ಅಜ್ಜ ಕೋಲೂರಿ ನಿಂತು ಇನ್ನೂ ಬಯಲನ್ನೇ ನೋಡುತ್ತಿದ್ದರು. "ಬರದವರು ಕಂಡದ್ದು ಬ್ಯಾರೆ ಇದ್ದೀತಪ್ಪ. ಓದೂ ನಮಗ ಇದ."

ಹುಬ್ಬಳ್ಳಿಯ ಕ್ರೈಸ್ತ ಕುಟುಂಬ ಅದು. ಎಂಬತ್ತನ್ನು ದಾಟಿದ ಆ ಹಿರಿಯರು ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಬಡಾವಣೆಯ ಜನಕ್ಕೆಲ್ಲ ಅವರು ಇಂದಿಗೂ ಮಾಸ್ತರರೇ. ಜೊತೆಯಲ್ಲಿ ಮಗ, ಸೊಸೆ, ಹುಡುಗ, ಆರು ವರ್ಷದ ಅವನ ತಂಗಿ. ಹಿಂದಿನ ದಿನ ರಾಣೇಬೆನ್ನೂರಿನಲ್ಲಿ ಬಂಧುಗಳ ಮದುವೆ ಮುಗಿದಿತ್ತು. ಸಂಜೆ ಹಾವೇರಿಯಿಂದ ರೈಲು ಹಿಡಿದು ಊರು ಸೇರುವುದೆಂದು ಗೊತ್ತಾಗಿತ್ತು. ನಡುವಿನ ಹಗಲು ಬರಿದಾಗಿರುವುದನ್ನು ಕಂಡು ಮಾಸ್ತರರು, ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗಲೇ, ಕಾಗಿನೆಲೆಗೆ ಹೋಗಬೇಕೆಂದಿದ್ದರು. ಏಕೆಂದು ಮಗ ಕೇಳಿದ್ದಕ್ಕೆ, "ನಮ್ಮಜ್ಜಿ ಆ ಕಡೆಯಾಕಿ," ಎಂದಷ್ಟೇ ಉತ್ತರ ಬಂದಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಮಗನಿಗೆ ಈ ಸಂಗತಿ ಗೊತ್ತಿರಲಿಲ್ಲ. ಹೀಗೂ ಆಗುವುದುಂಟು.

ಹೆದ್ದಾರಿಯಲ್ಲಿ ಮೋಟೆಬೆನ್ನೂರು ಬಂತು. ದಂಡಿಯ ಉಪ್ಪಿನ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೈಲಾರ ಮಹಾದೇವನ ಹುಟ್ಟೂರು. ಮಾಸ್ತರರು ಹುಟ್ಟಿದ ವರ್ಷವೂ ಅದೇ. ಅಲ್ಲಿಂದ ಎಡಕ್ಕೆ ಹೊರಳಿದ ಮೋಟಾರು ಬ್ಯಾಡಗಿಯನ್ನು ಮುಟ್ಟುವ ಮೊದಲೇ ಊರಿನ ಸುಳಿವು ಸಿಕ್ಕಿತು: ಮೊದಲು ಹುಡುಗಿ ಸೀನಿದಳು, ಬಳಿಕ ಅವಳ ಅಣ್ಣ, ಕೊನೆಗೆ ಚಾಲಕನೊಬ್ಬನನ್ನುಳಿದು ಎಲ್ಲರೂ.

ಮೆಣಸಿನಕಾಯಿಯ ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯನ್ನು ನೋಡಬೇಕು. ಮಾರುಕಟ್ಟೆಯ ಅಂಗಳ, ಅಡತಿ ಅಂಗಡಿಗಳ ಮುಂದಿನ ಕಟ್ಟೆ, ರಸ್ತೆಯ ಬದಿ, ಎಲ್ಲೆಲ್ಲೂ ಕೆಂಪು. ಚೀಲದಿಂದ ಸುರಿದ ರಾಶಿಗಳ ನಡುವೆ ಹೆಣ್ಣುಮಕ್ಕಳು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕುಳಿತು ತೊಟ್ಟು ಬಿಡಿಸುತ್ತಾರೆ. ಸುಕ್ಕುಗಟ್ಟಿದ ಮೈ, ಕಡುಗೆಂಪು ಬಣ್ಣ, ಬಣ್ಣ ಕಂಡು ಹೆದರಿದಷ್ಟು ಖಾರವಿಲ್ಲದ ಸೌಮ್ಯ ಸ್ವಭಾವ. ಬ್ಯಾಡಗಿ ಮೆಣಸಿನಕಾಯಿಯ ಗುಣಗಳು ಇವು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಇದರಿಂದ ತೆಗೆದ ಬಣ್ಣ ಬೇರೆ ದೇಶಗಳ ತಿನಿಸಿಗೂ ಹೆಂಗಳೆಯರ ತುಟಿಗೂ ಏರುತ್ತದೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆ ಹೆಸರು ಹೊತ್ತ ಕಾಯೆಲ್ಲ ಬ್ಯಾಡಗಿಯ ಹೊಲದ್ದೇ ಎಂದು ಗೃಹಿಣಿಯರು ನಂಬಬೇಕಾಗಿಲ್ಲ. ದೂರದ ಬಳ್ಳಾರಿ, ರಾಯಚೂರುಗಳಿಂದಲೂ ಚೀಲಗಳು ಇಲ್ಲಿಗೇ ಬಂದು ಬೀಳುತ್ತವೆ.

ಸೊಸೆ ಐದು ಕಿಲೋ ಡಬ್ಬಿ ಕೊಂಡಳು. ಚೌಕಾಸಿ ಸುಮಾರು ಹೊತ್ತು ನಡೆಯಿತು. ಅಷ್ಟರಲ್ಲಿ ಮಾಸ್ತರರು ಮೊಮ್ಮಗನಿಗೆ, ಮೆಣಸಿನಕಾಯಿ ಈ ದೇಶದ ಬೆಳೆಯೇ ಅಲ್ಲವೆಂದೂ, ಕಡಲಾಚೆಯ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದೆಂದೂ ಹೇಳಿದರು. ಹುಡುಗ ನಂಬಲಿಲ್ಲ. ಮೆಣಸಿನಕಾಯಿ ಬ್ಯಾಡಗಿಯದಲ್ಲವೆಂದರೆ ಬ್ಯಾಡಗಿಯವರಾದರೂ ನಂಬುತ್ತಾರೆಯೆ?

ಬ್ಯಾಡಗಿಯಿಂದ ಕಾಗಿನೆಲೆ ಹೆಚ್ಚು ದೂರವಲ್ಲ. ಗೋವಿನಜೋಳ ಕೊಯ್ದ ಹೊಲಗಳ ನಡುವೆ ರಸ್ತೆ ತಣ್ಣಗೆ ಸಾಗುತ್ತದೆ. ಈ ಸೀಮೆಯ ಬಾಡದಲ್ಲಿ, ಕುರುಬ ಮನೆತನದ ಬೀರಪ್ಪ ಮತ್ತು ಬಚ್ಚಮ್ಮನವರ ಮಗನಾಗಿ ಹುಟ್ಟಿದ ತಿಮ್ಮಪ್ಪ ದಂಡನಾಯಕನಾಗಿದ್ದವನು. ಯುದ್ಧದಲ್ಲಿ ಗಾಯಗೊಂಡು ಬಿದ್ದಾಗ ಕೇಳಿದ ದನಿಗೆ ಓಗೊಟ್ಟು ಖಡ್ಗವನ್ನು ಕೆಳಗಿಟ್ಟನೆಂದು ಐತಿಹ್ಯ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ನೆಲೆಗೊಳಿಸಿ, ಆ ಹೆಸರನ್ನೇ ತನ್ನ ಪದಗಳ ಅಂಕಿತ ಮಾಡಿಕೊಂಡ ಕನಕದಾಸನೂ ಅವನೇ. ಹದಿನಾರನೆಯ ಶತಮಾನದ ಆ ಕವಿಗೆ ದೊಡ್ಡವರ ಬಾಗಿಲುಗಳು ಸುಲಭವಾಗಿ ತೆರೆಯಲಿಲ್ಲ. ಉಡುಪಿಯಲ್ಲಿ ಹೊರಗೆ ನಿಂತು ಹಾಡಿದವನ ಕಡೆಗೆ ಕೃಷ್ಣನೇ ತಿರುಗಿ, ಗೋಡೆ ಬಿರಿದು ಕಿಂಡಿಯಾದ ಕತೆಯನ್ನು ಅರಿಯದ ಕನ್ನಡಿಗನಿಲ್ಲ.

ಅವನ 'ರಾಮಧಾನ್ಯಚರಿತೆ'ಯನ್ನು ಮಾಸ್ತರರು ತರಗತಿಯಲ್ಲಿ ಎಷ್ಟೋ ಸಲ ಪಾಠ ಮಾಡಿದ್ದರು. ಭತ್ತಕ್ಕೂ ರಾಗಿಗೂ ಹಿರಿಮೆಯ ಜಗಳ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಉಳ್ಳವರ ಮನೆಯ ಭತ್ತ ಸೊರಗಿ ಕೆಡುತ್ತದೆ. ಬಡವರ ರಾಗಿ ಹಾಗೆಯೇ ಉಳಿದು, ರಾಘವನ ಹೆಸರನ್ನೇ ಪಡೆಯುತ್ತದೆ. ಕ್ರಿಸ್ತನ ತಾಯಿ ಮರಿಯಳು ಹಾಡಿದ ಸ್ತುತಿಗೀತೆಯಲ್ಲೂ ಸಿಂಹಾಸನದವರು ಕೆಳಗಿಳಿಯುತ್ತಾರೆ, ದೀನರು ಮೇಲೇರುತ್ತಾರೆ. ಎರಡೂ ಒಂದೇ ಎಂದು ಮಾಸ್ತರರು ಯಾರಿಗೂ ಹೇಳಿದವರಲ್ಲ. ಹಾಗೆ ಹೇಳುವುದು ಎರಡಕ್ಕೂ ಮಾಡುವ ಅನ್ಯಾಯ ಎಂಬುದು ಅವರ ಎಣಿಕೆ. ಆದರೂ ರಾಗಿಯ ಪಾಠ ಮುಗಿದ ದಿನ ಮನೆಗೆ ಬಂದು ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯವನ್ನು ತೆರೆದು ಕೂಡುವುದು ಅವರ ರೂಢಿಯಾಗಿತ್ತು.

ಆದಿಕೇಶವನ ಗುಡಿಯ ಮುಂದೆ ಮೋಟಾರು ನಿಂತಿತು. ಮಗ, ಮಕ್ಕಳು ಇಳಿದರು. ಸೊಸೆ ಮಾತ್ರ ಕೆಳಗಿಳಿದವಳು ಅಲ್ಲಿಯೇ ನಿಂತಳು.

"ನೀವು ಹೋಗಿ ಬರ್ರಿ ಮಾವಾರ. ನಾ ಇಲ್ಲೇ ಇರತೇನಿ."

ಮಾಸ್ತರರು ಒತ್ತಾಯ ಮಾಡಲಿಲ್ಲ. ಅವಳ ಅಳುಕಿಗೆ ಕಾರಣ ಇತ್ತು. ಅವಳ ತಂದೆ ಸಭೆಯ ಪಾಲಕರಾಗಿದ್ದವರು. ಗುಡಿಯ ಮೆಟ್ಟಿಲೇರಿದ ಸುದ್ದಿ ಮುಂದಿನ ಭಾನುವಾರದೊಳಗೆ ಹತ್ತು ಬಾಯಿಗಳಲ್ಲಿ ಹತ್ತು ಬಗೆಯಾಗುತ್ತದೆಂಬುದು ಅವಳಿಗೆ ಗೊತ್ತು. ಅದಕ್ಕಿಂತ ಮಿಗಿಲಾಗಿ, ನಂಬದೆ ಒಳಗೆ ಹೋಗಿ ನಿಲ್ಲುವುದು ಆ ಗುಡಿಗೆ ಬರುವ ಭಕ್ತರಿಗೂ ತೋರುವ ಗೌರವವಲ್ಲ ಎಂಬ ಭಾವನೆ. ಬಾಗಿಲ ಬಳಿ ಬಾಳೆಹಣ್ಣು, ಊದಿನಕಡ್ಡಿ ಇಟ್ಟುಕೊಂಡು ಕುಳಿತಿದ್ದ ಮುದುಕಿಯೊಬ್ಬಳು ಇದನ್ನೆಲ್ಲ ನೋಡುತ್ತಿದ್ದಳು.

"ಯಾಕವ್ವ, ಒಳಗ ಹೋಗೂದಿಲ್ಲೇನು?"

"ಇಲ್ಲಬೇ. ನಾವು ಕ್ರಿಶ್ಚನ್‌ರು."

ಮುದುಕಿ ಬಾಳೆಹಣ್ಣಿನ ಚಿಪ್ಪೊಂದನ್ನು ಸರಿಸಿ ಜಾಗ ಮಾಡಿದಳು. "ನಮ್ಮ ಕನಕಪ್ಪನೂ ಹೊರಗ ನಿಂತಾವ್ನ ಅಲ್ಲೇನು? ಬಾ, ಇಲ್ಲಿ ನೆರಳೈತಿ, ಕುಂದ್ರು."

ಸೊಸೆ ಕುಳಿತಳು. ಸ್ವಲ್ಪ ಹೊತ್ತಿನಲ್ಲಿಯೇ ಇಬ್ಬರಿಗೂ ಮೆಣಸಿನಕಾಯಿಯ ಧಾರಣೆಯ ಮೇಲೆ ಮಾತು ಹತ್ತಿತು. ಐದು ಕಿಲೋಗೆ ಕೊಟ್ಟ ದುಡ್ಡು ಹೆಚ್ಚಾಯಿತೆಂದು ಮುದುಕಿ ತೀರ್ಪು ಕೊಟ್ಟಳು.

ಒಳಗೆ ಮಾಸ್ತರರು ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಕಂಬವೊಂದರ ಪಕ್ಕದಲ್ಲಿ ನಿಂತಿದ್ದರು. ಅವರು ಕೈ ಮುಗಿಯಲಿಲ್ಲ, ಪ್ರಸಾದಕ್ಕೆ ಮುಂದಾಗಲಿಲ್ಲ. ಒಳಗಣ ದೀಪವನ್ನು, ಬಂದುಹೋಗುವ ಜನರನ್ನು ನೋಡುತ್ತ ನಿಂತರು. ಕಂಬಳಿ ಹೆಗಲಿಗೇರಿಸಿದ ರೈತನೊಬ್ಬ ಹಣೆಯನ್ನು ನೆಲಕ್ಕೆ ತಾಗಿಸಿ ಎದ್ದು ಹೋದ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಮಗ ಮೊಬೈಲಿನಲ್ಲಿ ಚಿತ್ರ ತೆಗೆಯಲು ಹೋದವನು ತಂದೆಯ ಮುಖವನ್ನು ಕಂಡು ಅದನ್ನು ಜೇಬಿಗಿಳಿಸಿದ.

ಮಾಸ್ತರರ ಕತೆ ಹೊರಬಿದ್ದದ್ದು ಕೆರೆಯ ದಂಡೆಯಲ್ಲಿ. ಕನಕದಾಸರ ಗದ್ದುಗೆಯನ್ನು ನೋಡಿ ಬಂದು, ಮರದ ನೆರಳಿನಲ್ಲಿ ಮದುವೆಮನೆಯವರು ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಿದ್ದರು. ಊಟ ಮುಗಿದರೂ ಏಳಲು ಯಾರಿಗೂ ಮನಸ್ಸಿರಲಿಲ್ಲ.

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾಕ್ಷಾಮವನ್ನು ಹಿಂದಿನವರು ಸಂವತ್ಸರಗಳ ಹೆಸರಿನಿಂದ ಧಾತು-ಈಶ್ವರದ ಬರವೆಂದು ನೆನೆಯುತ್ತಿದ್ದರು. ಧಾರವಾಡ, ಕಲಾದಗಿ, ಬಳ್ಳಾರಿ ಜಿಲ್ಲೆಗಳಲ್ಲಿ ಹಳ್ಳಿಹಳ್ಳಿಗಳೇ ಬರಿದಾದವು. ತಂದೆತಾಯಿಗಳನ್ನು ದಾರಿಯಲ್ಲಿ ಕಳೆದುಕೊಂಡ ಎಷ್ಟೋ ಮಕ್ಕಳು ಕ್ರೈಸ್ತ ಮಿಶನರಿಗಳ ಅನಾಥಾಲಯಗಳನ್ನು ಸೇರಿದರು. ಹಾಗೆ ಸೇರಿದವರಲ್ಲಿ ಆರು ವರ್ಷದ ಒಂದು ಹುಡುಗಿ. ತಂದೆಯ ಹೆಸರು ಕೇಳಿದರೆ "ಅಪ್ಪ" ಎನ್ನುತ್ತಿದ್ದಳು. ತಾಯಿಯ ಹೆಸರು "ಅವ್ವ". ಊರಿನ ಹೆಸರು ಮಾತ್ರ ಬರುತ್ತಿತ್ತು: ಕಾಗಿನೆಲೆ. ಅದೇ ಊರೋ ಅದರ ಸುತ್ತಿನ ಹಳ್ಳಿಯೋ, ಯಾರು ಬಲ್ಲರು? ಕುರಿಯ ಹಿಂಡಿನ ನೆನಪಿತ್ತು. ಒಂದು ಹಾಡು ಬರುತ್ತಿತ್ತು. ಆದಿಕೇಶವನ ಹೆಸರಿನಲ್ಲಿ ಮುಗಿಯುವ ಒಂದು ಪದ.

ಅವಳು ಬೆಳೆದಳು, ಓದು ಕಲಿತಳು, ದೀಕ್ಷಾಸ್ನಾನ ಪಡೆದಳು, ನೇಕಾರನೊಬ್ಬನ ಕೈ ಹಿಡಿದಳು. ಹಾಡು ಯಾವಾಗ ನಿಂತಿತೋ ಯಾರಿಗೂ ತಿಳಿಯದು. ಮಾಸ್ತರರು ಕಂಡ ಅಜ್ಜಿ ಭಾನುವಾರ ತಪ್ಪದೆ ದೇವಾಲಯದ ಮುಂದಿನ ಸಾಲಿನಲ್ಲಿ ಕೂಡುವ, ಇಪ್ಪತ್ತಮೂರನೆಯ ಕೀರ್ತನೆಯನ್ನು ನೋಡದೆ ಹೇಳುವ, ಬಿಳಿಯ ಸೀರೆಯ ಮುದುಕಿ.

1956ರ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಳು. ಆಗ ಎಂಬತ್ತೈದು ವರ್ಷ. ಕೊನೆಯ ಇರುಳು, ಮಾತು ನಿಂತಿದ್ದ ಆ ಬಾಯಿಂದ ಹಾಡು ಹೊರಟಿತು. ಎಪ್ಪತ್ತೆಂಟು ವರ್ಷ ಎಲ್ಲಿತ್ತೋ ಅದು! ನುಡಿ ಒಂದೂ ತಪ್ಪದೆ, ಆದಿಕೇಶವನ ಹೆಸರಿನವರೆಗೆ. ಮುಗಿದರೆ ಮತ್ತೆ ಮೊದಲಿನಿಂದ. ಮಾಸ್ತರರ ತಂದೆ ಸಭೆಯ ಹಿರಿಯರು. ಗೋಡೆಗೆ ಗೋಡೆ ಹತ್ತಿದ ಮನೆಗಳ ಸಾಲು. ತಾಯಿಯ ಆತ್ಮಕ್ಕೆ ಹೆದರಿದರೋ, ನೆರೆಹೊರೆಗೆ ಹೆದರಿದರೋ, ಇಲ್ಲವೆ ಎರಡಕ್ಕೂ ಹೆದರಿದರೋ, ಹದಿಮೂರು ವರ್ಷದ ಮಗನಿಗೆ ಕಿಟಕಿ ಹಾಕೆಂದರು. ಮಗ ಹಾಕಿದ. ತಂದೆ ಸತ್ಯವೇದವನ್ನು ತೆರೆದು, ಹಾಡು ಕೇಳದಷ್ಟು ಗಟ್ಟಿಯಾಗಿ ಇಪ್ಪತ್ತಮೂರನೆಯ ಕೀರ್ತನೆಯನ್ನು ಓದತೊಡಗಿದರು. ಅಜ್ಜಿ ಸುಮ್ಮನಾದಳು. ಬೆಳಕು ಹರಿಯುವ ಮುನ್ನ ಅವಳ ಉಸಿರು ನಿಂತಿತು.

ಮಾಸ್ತರರು ಇಷ್ಟು ಹೇಳಿ ನಿಲ್ಲಿಸಿದರು. ಕೆರೆಯ ಮೇಲೆ ಬೆಳ್ಳಕ್ಕಿಯೊಂದು ಹಾರಿ ಹೋಯಿತು.

"ಕಿಡಕಿ ಯಾಕ ಹಾಕಿದಿ ಅಜ್ಜಾ?" ಎಂದು ಹುಡುಗ ಕೇಳಿದ.

"ಅಪ್ಪ ಹೇಳಿದ್ನಲ್ಲ."

"ಆಕಿಗೆ ಸೆಕೆ ಆಗಿರಬೇಕು," ಎಂದಳು ಹುಡುಗಿ.

ಆ ಹೊತ್ತಿಗೆ ಆಚೆಯ ದಂಡೆಯಲ್ಲಿ ಧೂಳೆದ್ದಿತು. ಕುರಿಗಳ ದೊಡ್ಡ ಹಿಂಡೊಂದು ನೀರಿಗಿಳಿಯುತ್ತಿತ್ತು. ಹಿಂದೆ ಇಬ್ಬರು, ಕಂಬಳಿ ಹೊದ್ದವರು. ಒಬ್ಬನ ಹೆಗಲ ಮೇಲೆ ಅಂದೇ ಹುಟ್ಟಿದಂತಿದ್ದ ಮರಿ. ಕ್ರಿಸ್ತಜಯಂತಿಯ ನಾಟಕದಲ್ಲಿ ತಲೆಗೆ ಅಂಗವಸ್ತ್ರ ಸುತ್ತಿಕೊಂಡು ಬೇತ್ಲೆಹೇಮಿನ ಕುರುಬನ ಪಾತ್ರ ವಹಿಸಿದ್ದ ಹುಡುಗ ಎದ್ದು ನಿಂತು ಕೂಗಿದ: "ಅಜ್ಜಾ, ಖರೇ ಕುರುಬರು!"

ಮಾಸ್ತರರು ಮೊಮ್ಮಗನ ಮುಖವನ್ನು ನೋಡಿದರು. ಅರವತ್ತು ವರ್ಷಗಳಿಗೂ ಮಿಕ್ಕ ಕಾಲ ಆ ಕೀರ್ತನೆಯನ್ನು ಅವರು ಹೇಳುತ್ತ ಬಂದಿದ್ದರು. ದೇವರನ್ನು ಅಲ್ಲಿ ಕುರುಬನೆಂದು ಕರೆದಿದೆ. ಕ್ರಿಸ್ತನೂ ತನ್ನನ್ನು ಒಳ್ಳೆಯ ಕುರುಬನೆಂದುಕೊಂಡ. ಅವನು ಹುಟ್ಟಿದ ವಾರ್ತೆ ಅರಮನೆಗಿಂತ ಮೊದಲು ಮುಟ್ಟಿದ್ದು ಹೊಲದಲ್ಲಿ ಹಿಂಡು ಕಾಯುತ್ತಿದ್ದ ಕುರುಬರಿಗೆ. ಬೇರೆ ಭಾಷೆಗಳಲ್ಲಿ ಆ ಶಬ್ದ ಒಂದು ಕಸಬಿನ ಹೆಸರಷ್ಟೇ ಇದ್ದೀತು. ಕನ್ನಡದಲ್ಲಿ ಅದು ಹಾಲುಮತದ ಮನೆತನಗಳ ಹೆಸರು. ಕನಕನ ಕುಲದ ಹೆಸರು. ಕಂಬಳಿ, ಕೋಲು, ಮರಿಯ ಮೈಯ ವಾಸನೆ ಎಲ್ಲವೂ ಅದರೊಡನೆ ಬರುತ್ತವೆ. ಇನ್ನು ಕೀರ್ತನೆ ಎಂಬ ಮಾತು? ದಾವೀದನ ಹಾಡುಗಳಿಗೆ ಹೆಸರಿಡಬೇಕಾದಾಗ ಕನ್ನಡದ ಸತ್ಯವೇದ ಆಯ್ದುಕೊಂಡದ್ದು ಹರಿದಾಸರು ತಮ್ಮ ಹಾಡುಗಳಿಗೆ ಇಟ್ಟ ಹೆಸರನ್ನೇ. ನೂರೈವತ್ತು ಕೀರ್ತನೆಗಳನ್ನು ಓದುವ ಕನ್ನಡ ಕ್ರೈಸ್ತ ಪ್ರತಿಸಲವೂ ದಾಸರ ಮನೆಯ ಹೊಸ್ತಿಲನ್ನು ತುಳಿದೇ ಒಳಹೋಗುತ್ತಾನೆ.

"ಕುರುಬನ ಹಾಡು ಕೇಳಬಾರದಂತ, ಕುರುಬನ ಕೀರ್ತನಿ ಓದಿದ್ವಿ," ಎಂದರು ಮಾಸ್ತರರು. ಯಾರನ್ನು ಉದ್ದೇಶಿಸಿ ಹೇಳಿದರೋ ತಿಳಿಯಲಿಲ್ಲ.

ಮಾಸ್ತರರ ತಂದೆಗೆ ತಿಳಿಯದಿದ್ದ ಇನ್ನೊಂದು ಸಂಗತಿಯಿದೆ. ಹರಿದಾಸರ ಪದಗಳನ್ನು ಮೊಟ್ಟಮೊದಲು ಅಚ್ಚಿಗೆ ತಂದವರ ಸಾಲಿನಲ್ಲಿ ನಿಲ್ಲುವವನು ಒಬ್ಬ ಕ್ರೈಸ್ತ ಪಾದ್ರಿ. ಜರ್ಮನಿಯ ವುರ್ಟೆಂಬರ್ಗಿನಲ್ಲಿ 1811ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಕನ್ನಡದ ಮೊದಲ ವೃತ್ತಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವನು ಅವನೇ. ಮುಂದೆ ಪ್ರಾಚೀನ ಕನ್ನಡ ಕೃತಿಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸುತ್ತ, 1850ರಲ್ಲಿ ದಾಸರ ಪದಗಳ ಒಂದು ಸಂಗ್ರಹವನ್ನೂ ಹೊರತಂದ; ಪುರಂದರ, ಕನಕ ಮೊದಲಾದವರ ಹಾಡುಗಳು ತಾಳೆಗರಿ ಮತ್ತು ಬಾಯಿಪಾಠಗಳಿಂದ ಕಾಗದಕ್ಕಿಳಿದವು. ಅವುಗಳಲ್ಲಿ ಕೆಲವನ್ನು ತನ್ನ ಭಾಷೆಗೂ ಅನುವಾದಿಸಿದ. ಕನ್ನಡಕ್ಕೆ ಮಾಡಿದ ಈ ದುಡಿಮೆಗಾಗಿ 1858ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವನಿಗೆ ಡಾಕ್ಟರ್ ಪದವಿ ನೀಡಿತು. ಅವನು ಬಂದದ್ದು ಮತಪ್ರಚಾರಕ್ಕೆ, ಅದನ್ನು ಮರೆಮಾಚಬೇಕಾಗಿಲ್ಲ. ಜನರ ಮನಸ್ಸನ್ನು ಅರಿಯಲೆಂದು ಅವರ ಹಾಡುಗಳನ್ನು ಕೂಡಿಸಹೊರಟವನು ಆ ಹಾಡುಗಳಿಗೇ ಸೆರೆಯಾದನೆಂದರೆ ಹೆಚ್ಚು ತಪ್ಪಾಗದು.

ಹಾಗೆ ಸೆರೆಯಾದವರು ಇನ್ನೂ ಇದ್ದಾರೆ. ಇದೇ ಹಾವೇರಿ ಜಿಲ್ಲೆಯ ಮಾಸೂರು, ಅಬಲೂರುಗಳ ಕಡೆಯವನೆಂದು ಹೇಳಲಾಗುವ ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಗ್ರಂಥವಾಗಿ ಕೊಟ್ಟವರು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಧರ್ಮೋಪದೇಶಕ್ಕೆಂದು ಹಳ್ಳಿಗೆ ಹೋದರೆ, ಕೇಳಲು ಬಂದ ರೈತನೇ ಸರ್ವಜ್ಞನ ಮಾತೊಂದನ್ನು ಹೇಳಿ ಅವರಿಗೆ ಉಪದೇಶ ಮಾಡುವ ನಾಡು ಇದು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಈ ಪಾದ್ರಿಯನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಮುದುಕಿಯ ಕಿಟಕಿ ಮುಚ್ಚಿದ್ದು ಅದಾದ ಏಳು ವರ್ಷಕ್ಕೆ! ಪಂಡಿತರ ಕಪಾಟಿನಲ್ಲಿ ಕೂಡಿಬಂದದ್ದು ಮನೆಯ ಪಡಸಾಲೆಗೆ ಇಳಿಯಲು ಎಷ್ಟು ಕಾಲ ಹಿಡಿಯುತ್ತದೆ.

ಇವನ್ನೆಲ್ಲ ಮಾಸ್ತರರು ಬಲ್ಲರು. ತರಗತಿಯಲ್ಲಿ ಬರೆಸಿ, ಪರೀಕ್ಷೆಯಲ್ಲಿ ಪ್ರಶ್ನೆಯಾಗಿ ಕೇಳಿದವರು. ಕೆರೆಯ ದಂಡೆಯಲ್ಲಿ ಅವರು ಮೋಗ್ಲಿಂಗನ ಹೆಸರನ್ನೂ ಎತ್ತಲಿಲ್ಲ. ನೀರು ಕುಡಿದು ಹತ್ತುವ ಕುರಿಗಳನ್ನು ಎಣಿಸುತ್ತಿದ್ದ ಮೊಮ್ಮಗಳಿಗೆ ಎಣಿಕೆ ತಪ್ಪಿದಾಗಲೆಲ್ಲ ನೆರವಾಗುತ್ತ ಕುಳಿತರು. ಹೊರಡುವಾಗ ಸೊಸೆ ಅವರ ಕೋಲನ್ನು ಎತ್ತಿ ಕೊಟ್ಟಳು.

"ಮಾವಾರ, ಆ ಹಾಡು ನಿಮಗ ನೆನಪೈತೇನ್ರಿ?"

"ನುಡಿ ಇಲ್ಲವ್ವ. ಧಾಟಿ ಐತಿ."

ಹಾವೇರಿಯನ್ನು ತಲುಪಿದಾಗ ಹೊತ್ತು ಇಳಿಮುಖವಾಗಿತ್ತು. ರೈಲಿಗೆ ಇನ್ನೂ ಸಮಯವಿತ್ತು. 1997ರಿಂದ ಜಿಲ್ಲಾಕೇಂದ್ರವಾದ ಈ ಊರು ಏಲಕ್ಕಿಯ ಕಂಪಿಗೆ ಹೆಸರಾದದ್ದು; ಸಭೆ ಸಮಾರಂಭಗಳಲ್ಲಿ ಅತಿಥಿಗಳ ಕೊರಳಿಗೆ ಬೀಳುವ ಏಲಕ್ಕಿ ಮಾಲೆಗಳನ್ನು ಇಲ್ಲಿ ಕಾಳುಕಾಳು ಆಯ್ದು ಪೋಣಿಸುತ್ತಾರೆ. ಪುಟ್ಟದೊಂದು ಮಾಲೆಯನ್ನು ಹುಡುಗಿಗೆ ಕೊಂಡದ್ದಾಯಿತು. ಬಳಿಕ ಸಿದ್ಧೇಶ್ವರ ದೇವಾಲಯ. ಕಲ್ಯಾಣದ ಚಾಲುಕ್ಯರ ಕಾಲದ, ಬಳಪದ ಕಲ್ಲಿನಲ್ಲಿ ಕಡೆದ ಆ ಗುಡಿಯ ಚೆಲುವನ್ನು ಬಣ್ಣಿಸಹೊರಟರೆ ಬೇರೊಂದು ಲೇಖನವೇ ಬೇಕು. ಆ ಕಾಲದ ಗುಡಿಗಳು ಸಾಮಾನ್ಯವಾಗಿ ಉದಯಸೂರ್ಯನಿಗೆ ಎದುರಾಗಿ ನಿಂತರೆ, ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಬಿಸಿಲು ಬಾಗಿಲ ಕಡೆಗೆ ಓರೆಯಾಗಿ ಚಾಚಿತ್ತು.

"ಉಡುಪಿ ಕೃಷ್ಣನ್ಹಂಗ ಇದೂ ತಿರುಗಿ ನಿಂತೈತೇನಜ್ಜಾ?" ಎಂದು ಹುಡುಗ ಕೇಳಿದ.

ವಿದ್ವಾಂಸರು ಇದಕ್ಕೆ ಏನೇನೋ ಕಾರಣಗಳನ್ನು ಊಹಿಸಿಯಾರು. ಮಾಸ್ತರರು, "ಯಾರರೆ ಈ ಕಡೆ ನಿಂತು ಕರೆದಿರಬೇಕು," ಎಂದರು.

ನಿಲ್ದಾಣಕ್ಕೆ ಬಂದರೆ ರೈಲು ತಡವಾಗಿ ಬರುವುದೆಂದು ತಿಳಿಯಿತು. ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನ ಮೇಲೆ ಗಂಟುಮೂಟೆ ಇಳಿಸಿದರು. ದೀಪಗಳು ಹತ್ತಿಕೊಂಡವು. ಮನೆಯಲ್ಲಿದ್ದಿದ್ದರೆ ಅದು ಕುಟುಂಬ ಪ್ರಾರ್ಥನೆಯ ವೇಳೆ. ಮಾಸ್ತರರು ಅದನ್ನು ತಪ್ಪಿಸಿದವರಲ್ಲ. ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನವೂ ತಪ್ಪಿಸಿರಲಿಲ್ಲ. ಚೀಲದಿಂದ ಹಳೆಯ ಸತ್ಯವೇದ ಹೊರಗೆ ಬಂತು. ಮಗ ಸಂಕೋಚದಿಂದ ಸುತ್ತಲೂ ನೋಡಿದ. ಪಕ್ಕದಲ್ಲಿ ಮೆಣಸಿನಕಾಯಿ ಚೀಲಕ್ಕೆ ಒರಗಿ ಕುಳಿತ ಹಮಾಲನೊಬ್ಬ ಬೀಡಿಯನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡ.

ಮಾಸ್ತರರು ಪುಸ್ತಕವನ್ನು ತೆರೆಯಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು, ಮೊದಲು ಬರಿಯ ಧಾಟಿಯನ್ನು ಗುನುಗಿದರು. ಬೀಸುವ ಕಲ್ಲಿನ ಸುತ್ತಿನಂತೆ ಏರಿ ಇಳಿಯುವ, ಏನೂ ಆತುರವಿಲ್ಲದ ಧಾಟಿ. ಬಳಿಕ ಅದಕ್ಕೆ ಇಪ್ಪತ್ತಮೂರನೆಯ ಕೀರ್ತನೆಯ ಮಾತುಗಳನ್ನು ಜೋಡಿಸತೊಡಗಿದರು. ಗದ್ಯದ ಮಾತುಗಳು ಒಗ್ಗಲಿಲ್ಲ. ಒಂದು ಶಬ್ದ ಉದ್ದವಾಯಿತು, ಇನ್ನೊಂದು ತುಂಡಾಯಿತು. ದನಿಯೂ ನಡುಗುತ್ತಿತ್ತು. ಹಸಿರು ಹುಲ್ಲುಗಾವಲಿನ ಮಾತು ಬಂದಲ್ಲಿ ಅವರು ತಡವರಿಸಿ ನಿಂತರು.

ಕಾಗಿನೆಲೆಯ ಬಾಗಿಲಿನಿಂದ ಹೊರಗೆ ಕುಳಿತಿದ್ದ ಸೊಸೆ, ನಿಂತಲ್ಲಿಂದ ಆ ಸಾಲನ್ನು ಎತ್ತಿಕೊಂಡಳು. ಅವಳ ಕಂಠ ಒಳ್ಳೆಯದು. ಸಭೆಯ ಗಾಯನವೃಂದದಲ್ಲಿ ಪಳಗಿದ್ದು. ಎರಡನೆಯ ಸಲಕ್ಕೆ ಮಾತುಗಳು ಧಾಟಿಯ ಏರಿಳಿತಕ್ಕೆ ಹೊಂದಿಕೊಂಡವು. ಮಕ್ಕಳು ದನಿಗೂಡಿಸಿದರು. ಹುಡುಗಿ ಕೊರಳಿನ ಏಲಕ್ಕಿ ಮಾಲೆಯನ್ನು ತೆಗೆದು ಅಜ್ಜನ ಮಡಿಲಿನ ಪುಸ್ತಕದ ಮೇಲಿಟ್ಟಳು.

ದೂರದಲ್ಲಿ, ಬ್ಯಾಡಗಿಯ ಕಡೆಯಿಂದ ರೈಲಿನ ದೀಪ ಕಾಣಿಸಿತು. ಹಮಾಲ ಎದ್ದು, ಚೀಲಕ್ಕೆ ಕೈ ಹಾಕಿ, ಹಾಡು ಮುಗಿಯಲೆಂದು ಹಾಗೆಯೇ ಬಾಗಿ ನಿಂತ.